0.999… ಮತ್ತು 1 ಒಂದೇ ಸಂಖ್ಯೆ ಎಂದು ಮಕ್ಕಳಿಗೆ ಮನವರಿಕೆ ಮಾಡಿಕೊಡುವುದು ಹೇಗೆ?

ಪ್ರೌಢಶಾಲೆಯಲ್ಲಿ ಆವರ್ತ ದಶಮಾಂಶಗಳನ್ನು ಭಿನ್ನರಾಶಿಯಾಗಿ ಬರೆಯಲು ಕಲಿಯುವಾಗ, 0.999… ಎಂಬುದಕ್ಕೆ 1 ಎಂಬ ಉತ್ತರ ಬಂದ ಕೂಡಲೇ ಚುರುಕಾದ ಮಕ್ಕಳೇ ಮೊದಲು ತಕರಾರು ತೆಗೆಯುತ್ತಾರೆ. ಆ ತಕರಾರನ್ನು ‘ಸೂತ್ರ ಹಾಗೇ ಇದೆ’ ಎಂದು ಅಡಗಿಸಬಾರದು, ಏಕೆಂದರೆ ಅದು ಗಣಿತದ ಹಳೆಯ ಮತ್ತು ಬಹಳ ಒಳ್ಳೆಯ ಪ್ರಶ್ನೆಗಳಲ್ಲೊಂದು. ಅದನ್ನು ಬಿಡಿಸಲು ನನಗೆ ಸರಿಯೆನಿಸಿದ ಕ್ರಮವನ್ನು, ಮನೆಯಲ್ಲಿ ಪಾಠ ಹೇಳಿಕೊಡುವವರಿಗೂ ಶಿಕ್ಷಕರಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ.

ಮೊದಲು ಆ ಮೂರು ಚುಕ್ಕಿಗಳ ಅರ್ಥ ಇತ್ಯರ್ಥವಾಗಬೇಕು. 0.9, 0.99, 0.999 ಇವೆಲ್ಲವೂ 1ಕ್ಕಿಂತ ಕಡಿಮೆ. ಒಂಬತ್ತುಗಳು ಒಂದು ಕೋಟಿ ಇದ್ದರೂ, ಎಲ್ಲಾದರೂ ಒಂದು ಕಡೆ ನಿಲ್ಲುವುದಾದರೆ ಆ ಸಂಖ್ಯೆ 1ಕ್ಕಿಂತ ಕಡಿಮೆಯೇ. ಎಂಟು ಅಂಕಿಗಳ ಸಾಧಾರಣ ಕ್ಯಾಲ್ಕುಲೇಟರಿನಲ್ಲಿ 1ನ್ನು 3ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 3ರಿಂದ ಗುಣಿಸಿದರೆ ಅನೇಕ ಸಲ 0.9999999 ಎಂದು ಕಾಣಿಸುವುದು ಇದರಿಂದಲೇ: ಯಂತ್ರವು ಏಳು ಮೂರುಗಳಿಗೆ ನಿಂತುಬಿಟ್ಟಿರುತ್ತದೆ. 0.999… ಎಂದು ಬರೆದಾಗಲಾದರೋ ನಿಲ್ಲುವ ಜಾಗವೇ ಇಲ್ಲ. ಇನ್ನೂ ಯಾರೋ ಒಂಬತ್ತುಗಳನ್ನು ಬರೆಯುತ್ತಲೇ ಇದ್ದಾರೆ, ಸಂಖ್ಯೆ 1ರ ಕಡೆಗೆ ನಡೆಯುತ್ತಲೇ ಇದೆ ಎಂಬ ಚಿತ್ರ ಮಗುವಿನ ಮನಸ್ಸಿನಲ್ಲಿದ್ದರೆ ಅದನ್ನು ಮೊದಲು ಬಿಡಿಸಿ. ನಡೆಯುವುದು 0.9, 0.99, 0.999 ಎಂಬ ಸಾಲು. ಆ ಸಾಲು ಯಾವ ಒಂದು ಸಂಖ್ಯೆಗೆ ಬೇಕೆಂದಷ್ಟು ಹತ್ತಿರ ಹೋಗಿ ಹತ್ತಿರವೇ ಉಳಿಯುತ್ತದೆಯೋ, ಆ ಸ್ಥಿರವಾದ ಸಂಖ್ಯೆಗೆ 0.999… ಎಂದು ಹೆಸರು.

ಇಷ್ಟಾದ ಮೇಲೆ 1ನ್ನು 1ರಿಂದಲೇ ಭಾಗಿಸಲು ಹೇಳಿ, ಆದರೆ ಭಾಗಲಬ್ಧದ ಬಿಡಿ ಸ್ಥಾನದಲ್ಲಿ ಬೇಕೆಂದೇ 0 ಬರೆಯಿಸಿ. ಆಗ 1 ಶೇಷ ಉಳಿಯುತ್ತದೆ. ಅದು ಹತ್ತು ದಶಾಂಶ. ಅದರಲ್ಲಿ ಒಂಬತ್ತು ದಶಾಂಶಗಳನ್ನು ತೆಗೆದರೆ ಒಂದು ದಶಾಂಶ ಉಳಿಯುತ್ತದೆ. ಅದು ಹತ್ತು ಶತಾಂಶ. ಮತ್ತೆ ಒಂಬತ್ತು, ಮತ್ತೆ ಒಂದು. 0.999… ಕಾಗದದ ಮೇಲೆ ತಾನಾಗಿಯೇ ಮೂಡುತ್ತದೆ, ಮತ್ತು ಭಾಗಿಸಿದ್ದು 1ನ್ನೇ ಎಂಬುದು ಮಗುವಿನ ಕಣ್ಣೆದುರೇ ಇರುತ್ತದೆ.

ಮಗು ಈಗ ಆ ಶೇಷವನ್ನೇ ಹಿಡಿದುಕೊಂಡು, ಪ್ರತಿ ಸಲ ಸ್ವಲ್ಪ ಉಳಿಯುತ್ತದಲ್ಲ ಎನ್ನುತ್ತದೆ. ನಿಜವಾದ ಪಾಠ ಇರುವುದು ಇಲ್ಲಿ, ಆದ್ದರಿಂದ ಆತುರ ಬೇಡ. 0.999… ಮತ್ತು 1ರ ನಡುವೆ ಎಷ್ಟು ವ್ಯತ್ಯಾಸವಿದೆ ಎಂದು ಮಗುವನ್ನೇ ಕೇಳಿ. ಹತ್ತು ಲಕ್ಷದಲ್ಲಿ ಒಂದು ಭಾಗ ಎಂದರೆ, ಏಳು ಒಂಬತ್ತುಗಳನ್ನು ಬರೆಯುವಷ್ಟರಲ್ಲೇ ವ್ಯತ್ಯಾಸ ಅದಕ್ಕಿಂತ ಚಿಕ್ಕದಾಗಿದೆ ಎಂದು ತೋರಿಸಿ. ಇನ್ನೂ ಚಿಕ್ಕ ಸಂಖ್ಯೆಯನ್ನು ಹೇಳಿದರೆ ಇನ್ನಷ್ಟು ಒಂಬತ್ತುಗಳು ಸಾಕು. ‘ಸೊನ್ನೆ ಬಿಂದು, ಮುಗಿಯದ ಸೊನ್ನೆಗಳು, ಕೊನೆಗೊಂದು 1’ ಎಂಬ ಉತ್ತರವೂ ಬರಬಹುದು. ಮುಗಿಯದ ಸೊನ್ನೆಗಳಿಗೆ ಕೊನೆಯೇ ಇಲ್ಲವಾದ್ದರಿಂದ ಆ 1 ಕೂರುವ ಸ್ಥಾನ ಯಾವುದೆಂದು ಕೇಳಿ. ಎಲ್ಲ ಧನ ಸಂಖ್ಯೆಗಳಿಗಿಂತಲೂ ಚಿಕ್ಕದಾದ, ಋಣವೂ ಅಲ್ಲದ ವ್ಯತ್ಯಾಸ ವಾಸ್ತವ ಸಂಖ್ಯೆಗಳಲ್ಲಿ ಸೊನ್ನೆಯೊಂದೇ.

ಈ ಬೆರಗು ನಮ್ಮ ನಾಡಿನ ಗಣಿತಜ್ಞರಿಗೂ ಇತ್ತು. ಕೇರಳದ ನೀಲಕಂಠ ಸೋಮಯಾಜಿಯವರು ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ, 1/4, 1/16, 1/64 ಹೀಗೆ ಮುಗಿಯದೆ ಕೂಡುತ್ತ ಹೋದರೆ 1/3 ಆಗುತ್ತದೆ ಎನ್ನುತ್ತ, ಆ ಮೊತ್ತ ಅಷ್ಟರ ತನಕ ಬೆಳೆಯುವುದೇಕೆ, ಅಷ್ಟಕ್ಕೇ ನಿಲ್ಲುವುದೇಕೆ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ. ಒಂಬತ್ತುಗಳದ್ದೂ ಅಂಥದೇ ಗುಣೋತ್ತರ ಶ್ರೇಢಿ: ಮೊದಲ ಪದ 9/10, ಸಾಮಾನ್ಯ ಅನುಪಾತ 1/10, ಆದ್ದರಿಂದ ಮೊತ್ತವೆಂದರೆ ಮೊದಲ ಪದ 9/10ನ್ನು 1 − 1/10ರಿಂದ, ಅಂದರೆ 9/10ರಿಂದಲೇ, ಭಾಗಿಸಿದಷ್ಟು: 1.

x = 0.999… ಎಂದಿಟ್ಟುಕೊಂಡು, 10x = 9.999… ಎಂದು ಬರೆದು, ಕಳೆದು, 9x = 9 ಎಂದು ತೋರಿಸುವ ಪ್ರಸಿದ್ಧ ವಿಧಾನವನ್ನು ನಾನು ಕೊನೆಗೆ ಇಡುತ್ತೇನೆ. ಅದು ತಪ್ಪಲ್ಲ, ಆದರೆ ಮುಗಿಯದ ದಶಮಾಂಶಗಳನ್ನು ಗುಣಿಸಬಹುದು, ಒಂದರಿಂದ ಇನ್ನೊಂದನ್ನು ಕಳೆಯಬಹುದು ಎಂದು ಅದು ಮೊದಲೇ ಒಪ್ಪಿಕೊಂಡು ಹೊರಡುತ್ತದೆ, ಮಗುವಿನ ಸಂಶಯವಿರುವುದೋ ಅಲ್ಲಿಯೇ.

1ಕ್ಕೆ ಮಾತ್ರ ಹೀಗೇಕೆ ಎಂದು ಕೇಳಿದರೆ, 0.5 ಎಂಬುದು 0.4999… ಕೂಡ ಹೌದು, 2.37 ಎಂಬುದು 2.36999… ಕೂಡ ಹೌದು ಎಂದು ತೋರಿಸಿ. ಸೊನ್ನೆಯನ್ನು ಬಿಟ್ಟು, ಅಂತ್ಯಗೊಳ್ಳುವ ಪ್ರತಿಯೊಂದು ದಶಮಾಂಶಕ್ಕೂ ಹೀಗೆ ಎರಡು ರೂಪಗಳಿವೆ. 1/3ರಂಥ ಸಂಖ್ಯೆಗಳಿಗೆ ಒಂದೇ ರೂಪ.

ಇಷ್ಟರ ಮೇಲೂ ಅನುಮಾನ ಉಳಿದಿದ್ದರೆ 1/7 ಮತ್ತು 6/7ನ್ನು ಮಗುವಿನ ಕೈಯಿಂದಲೇ ಭಾಗಾಕಾರ ಮಾಡಿಸಿ, 0.142857142857… ಮತ್ತು 0.857142857142… ಎಂದು ಒಂದರ ಕೆಳಗೊಂದು ಬರೆಸಿ, ಸ್ಥಾನ ಸ್ಥಾನವಾಗಿ ಕೂಡಿಸಿ. 1ಕ್ಕೆ 8, 4ಕ್ಕೆ 5, 2ಕ್ಕೆ 7, 8ಕ್ಕೆ 1, 5ಕ್ಕೆ 4, 7ಕ್ಕೆ 2: ಎಲ್ಲಿಯೂ ದಶಕ ಸೇರದೆ ಪ್ರತಿ ಸ್ಥಾನದಲ್ಲೂ 9 ಬರುತ್ತದೆ. ಬಳಿಕ ಅವೇ ಎರಡು ಭಿನ್ನರಾಶಿಗಳನ್ನು ಪಕ್ಕದಲ್ಲಿ ಭಿನ್ನರಾಶಿಗಳಾಗಿಯೇ ಕೂಡಲು ಹೇಳಿ.