ಆಷಾಢದ ಗಾಳಿಗೆ ಟೊಮೆಟೊ ಸಸಿ ಪಳಗಿಸುವುದು ಹೇಗೆ?

ನೆರಳುಪರದೆಯಡಿ ಬೆಳೆದ ಟೊಮೆಟೊ ಸಸಿ ಕಣ್ಣಿಗೆ ಚೆಂದ. ಅದನ್ನೇ ಪಾಂಡವಪುರ, ಮಳವಳ್ಳಿ ಕಡೆಯ ಬಯಲು ಹೊಲದಲ್ಲಿ ಆಷಾಢದಲ್ಲಿ ನೆಟ್ಟರೆ ಗಾಳಿಗೆ ಮಣ್ಣಿಗೊರಗುತ್ತದೆ. 98 ಗುಣಿಯ ಟ್ರೇಯಲ್ಲಿ ಒತ್ತೊತ್ತಾಗಿ ನಿಂತ ಸಸಿ ಬೆಳಕಿಗಾಗಿ ಉದ್ದಕ್ಕೆ ಎಳೆಯುತ್ತದೆ. ಗಾಳಿಯೇ ತಾಕದ ಮೇಲೆ ಕಾಂಡ ಗಟ್ಟಿಯಾಗುವುದಾದರೂ ಏಕೆ?

ಆ ಗಾಳಿಯ ಕೆಲಸವನ್ನು ನಾವೇ ಮಾಡಬಹುದು. ಬೀಜದೆಲೆಯ ನಂತರ ಎರಡು ಎಲೆ ಬಿಚ್ಚಿದ ಮೇಲೆ, ಅರ್ಧ ಇಂಚಿನ ನುಣುಪಾದ ಪಿವಿಸಿ ಪೈಪನ್ನು ಅಡ್ಡ ಹಿಡಿದು ಸಸಿಗಳ ತುದಿಯ ಮೇಲೆ ಸವರಿ. ದಿನಕ್ಕೊಮ್ಮೆ, ಹತ್ತು ಸಲ ಅತ್ತಿಂದಿತ್ತ. ಸಸಿ ಬಾಗಿ ತಾನೇ ಎದ್ದು ನಿಲ್ಲಬೇಕು. ಎಲೆ ಹರಿದರೆ ಪೈಪು ತೀರಾ ತಗ್ಗಿದೆ ಎಂದರ್ಥ. ಬಾಗಿದಾಗ ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ, ಎಥಿಲೀನ್‌ನಂಥ ಹಾರ್ಮೋನುಗಳು ಎಚ್ಚೆತ್ತು, ಉದ್ದದ ಬೆಳವಣಿಗೆ ತಗ್ಗಿ ಕಾಂಡ ದಪ್ಪವಾಗುತ್ತದೆ. ಸ್ಪರ್ಶಕ್ಕೆ ಗಿಡ ಹೀಗೆ ಮೈ ಬದಲಿಸುವುದಕ್ಕೆ 1973ರಲ್ಲಿ ಸಸ್ಯವಿಜ್ಞಾನಿ ಮಾರ್ಕ್ ಜಾಫ್ ‘ಥಿಗ್ಮೊಮಾರ್ಫೊಜೆನೆಸಿಸ್’ ಎಂದು ಹೆಸರಿಟ್ಟರು. ಹೆಸರಷ್ಟು ಕಷ್ಟದ ಕೆಲಸವಲ್ಲ, ಟ್ರೇಗೆ ಒಂದು ನಿಮಿಷವೂ ಬೇಡ.

ಎಲೆ ಒದ್ದೆಯಿದ್ದಾಗ ಮಾತ್ರ ಮುಟ್ಟಬೇಡಿ. ಒಂದು ಸಸಿಯ ಚುಕ್ಕೆರೋಗ ಅದೇ ಪೈಪಿನಲ್ಲಿ ಇಡೀ ಟ್ರೇಗೆ ಹರಡುತ್ತದೆ. ಬಾಡಿದ ಸಸಿಯನ್ನೂ ಬಿಡಿ. ದೊಣ್ಣೆ ಮೆಣಸಿನಕಾಯಿಯ ಎಲೆ ಬೇಗ ಗಾಯಗೊಳ್ಳುತ್ತದೆ, ಅದಕ್ಕೆ ಈ ಉಪಾಯ ಬೇಡ.

ನಾಟಿಗೆ ಏಳು ದಿನ ಮುಂಚೆ ಬಿಸಿಲಿನ ಪಾಠ. ಮೊದಲೆರಡು ದಿನ ಬೆಳಗಿನ ಎರಡು ಗಂಟೆ, ಆಮೇಲೆ ದಿನಕ್ಕೆ ಒಂದೂವರೆ ಗಂಟೆ ಹೆಚ್ಚಿಸಿ. ನೆರಳಿನ ಎಲೆ ತೆಳು. ಒಮ್ಮೆಲೇ ಬಿಸಿಲಿಗಿಟ್ಟರೆ ದ್ಯುತಿಸಂಶ್ಲೇಷಣೆಗೆ ಬಳಸಲಾಗದಷ್ಟು ಬೆಳಕು ಬಿದ್ದು ಪತ್ರಹರಿತ್ತೇ ಹಾಳಾಗುತ್ತದೆ, ಎಲೆ ಕಾಗದದಂತೆ ಬಿಳಿಚುತ್ತದೆ. ಹಳೆ ಎಲೆ ತಕ್ಕಮಟ್ಟಿಗೆ ಹೊಂದಿಕೊಂಡೀತು, ಆದರೆ ದಪ್ಪ ಎಲೆ ಬೇಕೆಂದರೆ ಬಿಸಿಲಲ್ಲಿ ಹೊಸದಾಗಿ ಚಿಗುರಬೇಕು. ಅಂಥದ್ದೊಂದು ಬಿಚ್ಚುವವರೆಗೆ ಕಾಯಿರಿ.

ನೀರನ್ನೂ ಈ ವಾರ ಕಡಿಮೆ ಮಾಡಿ. ಟ್ರೇ ಎತ್ತಿದರೆ ಹಗುರ ಅನಿಸಿದಾಗಷ್ಟೇ ಕೊಡಿ. ಬಾಡುವವರೆಗೆ ಬಿಟ್ಟರೆ ಎಲೆಯ ರಂಧ್ರ ಮುಚ್ಚಿ, ಇಂಗಾಲದ ಡೈಆಕ್ಸೈಡ್ ಒಳಬಾರದೆ ಬೆಳವಣಿಗೆಯೇ ನಿಲ್ಲುತ್ತದೆ. ಸಾರಜನಕದ ಗೊಬ್ಬರ ನಿಲ್ಲಿಸಿ. ನಾಟಿಯ ಹಿಂದಿನ ಸಂಜೆ ಮಾತ್ರ ಹೊಟ್ಟೆತುಂಬ ನೀರು.

ಸವರುವುದನ್ನು ಕೊನೆಯ ದಿನದವರೆಗೂ ಬಿಡಬೇಡಿ. ಮೂರ್ನಾಲ್ಕು ದಿನ ಬಿಟ್ಟರೆ ಸಸಿ ಮತ್ತೆ ಉದ್ದಕ್ಕೆ ಎಳೆಯತೊಡಗುತ್ತದೆ.