ಕೊಮ್ ರಿಯು: ಅನ್ನ ಆರಿದ ಮೇಲೆಯೇ ಹುದುಗು

ವಿಯೆಟ್ನಾಮಿನ ಹುದುಗು ಸಿಹಿಯಾದ ‘ಕೊಮ್ ರಿಯು’ ಮಾಡುವಾಗ, ಹಬೆಯಲ್ಲಿ ಬೆಂದ ಅಂಟಕ್ಕಿ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಅಂಗೈಗೆ ಬಿಸಿ ತಾಕದಷ್ಟು ಆರಿದ ಮೇಲೆಯೇ ‘ಮೆನ್’ ಎಂಬ ಹುದುಗಿನ ಉಂಡೆಯನ್ನು ಕುಟ್ಟಿ ಜರಡಿ ಹಿಡಿದ ಪುಡಿಯನ್ನು ಉದುರಿಸಿ, ತೆಳುವಾದ ಉಪ್ಪುನೀರಿನಲ್ಲಿ ಕೈ ಅದ್ದಿಕೊಂಡು ಉಂಡೆ ಕಟ್ಟಿರಿ. ಆ ಪುಡಿಯಲ್ಲಿರುವ ಬೂಷ್ಟು ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ, ಯೀಸ್ಟ್ ಅದರಲ್ಲೊಂದು ಪಾಲನ್ನು ಮದ್ಯಸಾರವಾಗಿಸುತ್ತದೆ. ಬಿಸಿ ಅನ್ನದಲ್ಲಿ ಇವೆರಡೂ ಸಾಯುತ್ತವೆ. ಉಪ್ಪುನೀರಿನಿಂದ ಅನ್ನ ಕೈಗೆ ಅಂಟುವುದಿಲ್ಲ. ಬೂಷ್ಟಿಗೆ ಗಾಳಿ ಬೇಕಾದ್ದರಿಂದ ಉಂಡೆಗಳನ್ನು ಪಾತ್ರೆಯಲ್ಲಿಟ್ಟು ಬಾಳೆಎಲೆ ಹೊದಿಸಿ ಮುಚ್ಚಳವನ್ನು ಸಡಿಲವಾಗಿಡಿ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಮೂರು ದಿನಕ್ಕೆ ಉಂಡೆಗಳು ಮೆತ್ತಗಾಗಿ, ತಳದಲ್ಲಿ ಹಾಲುಬಣ್ಣದ ಸಿಹಿರಸ ನಿಲ್ಲುತ್ತದೆ. ಆದುದರಿಂದ ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನ ಬರುವ ದ್ವಾನ್ ಙೊ ಹಬ್ಬಕ್ಕೆ ಮೂರು ದಿನ ಮೊದಲೇ ಹುದುಗಿಗಿಡುವುದು ಒಳ್ಳೆಯದು. ಹುದುಗಿನ ಉಂಡೆ ಹಳೆಯದಾಗಿದ್ದರೆ ಈ ಎಚ್ಚರಿಕೆಯೆಲ್ಲ ವ್ಯರ್ಥ; ಬ್ರೆಡ್ಡಿನ ಯೀಸ್ಟ್ ಒಂದರಿಂದಲೇ ಪಿಷ್ಟ ಒಡೆಯದ ಕಾರಣ ಅದು ಇದಕ್ಕೆ ಬದಲಿಯಲ್ಲ. ಚಳಿಯಲ್ಲಿ ಹೆಚ್ಚು ದಿನ ಹಿಡಿಯುತ್ತದೆ. ರುಚಿ ಹದಕ್ಕೆ ಬಂದೊಡನೆ ಫ್ರಿಜ್ಜಿನಲ್ಲಿಡದಿದ್ದರೆ ಸಿಹಿ ಕುಗ್ಗಿ ಮದ್ಯದ ಘಾಟು ಏರುತ್ತದೆ. ಕಪ್ಪು, ಹಸಿರು ಅಥವಾ ಕೆಂಪು ಬೂಷ್ಟು ಕಂಡರೆ ಪಾತ್ರೆಯಲ್ಲಿರುವುದನ್ನು ಪೂರ್ತಿ ಚೆಲ್ಲಿಬಿಡಿ.