ಸೆಕೆಂಡ್ ಹ್ಯಾಂಡ್ ಡ್ಯೂಕ್‌ಗೆ ಹೊಸ ಮ್ಯಾಪ್ ಬರೆದದ್ದು: ನನ್ನ ಅನುಭವ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ದಾವಣಗೆರೆಯ ಹದಡಿ ರಸ್ತೆಯಲ್ಲಿರುವ ನನ್ನ ಶೆಡ್ಡಿನಲ್ಲಿ, ಆಗಷ್ಟೇ ಕೊಂಡು ತಂದಿದ್ದ 2018ರ ಕೆಟಿಎಂ 390 ಡ್ಯೂಕ್ ಬೈಕಿನ ತಪಾಸಣೆಯ ಸಾಕೆಟ್ಟಿಗೆ, ಸೆನ್ಸರುಗಳ ಅಂಕಿಗಳನ್ನು ಓದುವ ಬ್ಲೂಟೂತ್ ರೀಡರ್ ಸಿಕ್ಕಿಸಿ ಮೊಬೈಲ್ ನೋಡಿದಾಗ, ಎಂಜಿನ್ನಿನೊಳಗೆ ಹೋಗುವ ಗಾಳಿಯ ಉಷ್ಣತೆ 6 ಡಿಗ್ರಿ ಎಂದು ತೋರಿಸುತ್ತಿತ್ತು. ತಗಡಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದ ನನಗೆ ರೀಡರ್ ಕೆಟ್ಟಿರಬೇಕು ಎನಿಸಿತು. ಮರುದಿನ ಬೆಳಗಿನ ಜಾವ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮತ್ತೆ ನೋಡಿದೆ. ಆಗಲೂ 6 ಡಿಗ್ರಿ.

ಹದಿನೈದು ವರ್ಷಗಳಿಂದ ದ್ವಿಚಕ್ರ ವಾಹನಗಳ ವೈರಿಂಗ್ ಕೆಲಸ ಮಾಡುತ್ತಿರುವ ನನಗೆ, ಕದಲದೆ ನಿಂತ ಅಂಕಿ ಕಂಡರೆ ಅನುಮಾನ ಬರುತ್ತದೆ. ಟ್ಯಾಂಕ್ ಎತ್ತಿ ವೈರುಗಳನ್ನು ಬೆರಳಿನಲ್ಲಿ ತಡವುತ್ತಾ ಹೋದಾಗ ಏರ್ ಫಿಲ್ಟರ್ ಪೆಟ್ಟಿಗೆಯ ಬಳಿ ಕಪ್ಪು ಟೇಪಿನ ಗಂಟೊಂದು ಸಿಕ್ಕಿತು. ಬಿಸಿಗೆ ಟೇಪಿನ ಅಂಟು ಕರಗಿ ಜಿಡ್ಡಾಗಿತ್ತು. ಬ್ಲೇಡಿನಿಂದ ಸೀಳಿದರೆ ಒಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ರೆಸಿಸ್ಟರ್ ಇತ್ತು. ಅದನ್ನು ಬೆಸುಗೆ ಕೂಡ ಹಾಕದೆ ವೈರಿಗೆ ಹೊಸೆದು ಸೇರಿಸಿದ್ದರು. ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನಿಂದ ಬರುವ ಅಸಲಿ ವೈರುಗಳನ್ನು ಕತ್ತರಿಸಿ ಪಕ್ಕಕ್ಕೆ ಮಡಚಿಟ್ಟಿದ್ದರು.

ಈ ಸೆನ್ಸರಿನ ರೋಧ ಗಾಳಿ ತಣ್ಣಗಾದಂತೆ ಏರುತ್ತದೆ, ಬಿಸಿಯಾದಂತೆ ಇಳಿಯುತ್ತದೆ. ಅದರ ಜಾಗದಲ್ಲಿ ಹೆಚ್ಚಿನ, ಸ್ಥಿರವಾದ ರೋಧವೊಂದನ್ನು ಕೂರಿಸಿದರೆ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಿರು ಕಂಪ್ಯೂಟರ್) ವರ್ಷವಿಡೀ ಕೊರೆಯುವ ಚಳಿಯೆಂದೇ ಭಾವಿಸುತ್ತದೆ. ತಣ್ಣನೆಯ ಗಾಳಿ ಹೆಚ್ಚು ಸಾಂದ್ರವಾಗಿರುವುದರಿಂದ ಅದಕ್ಕೆ ತಕ್ಕಂತೆ ಪೆಟ್ರೋಲನ್ನೂ ಹೆಚ್ಚಾಗಿ ಚಿಮ್ಮಿಸುತ್ತದೆ. ಇದೇ ರೆಸಿಸ್ಟರನ್ನು ‘ಪವರ್ ಚಿಪ್’ ಎಂಬ ಹೆಸರಿನಲ್ಲಿ ಮಾರುವವರಿದ್ದಾರೆ. ನನ್ನ ಮಟ್ಟಿಗೆ ಅದು ಶುದ್ಧ ಮೋಸ. ಒಂದೇ ವೇಗದಲ್ಲಿ ನಿಧಾನವಾಗಿ ಸಾಗುವಾಗ ಸೈಲೆನ್ಸರ್ ಪೈಪಿನ ಆಮ್ಲಜನಕ ಸೆನ್ಸರ್ ಈ ಹೆಚ್ಚುವರಿ ಪೆಟ್ರೋಲನ್ನು ಕಂಡುಹಿಡಿದು ಕಡಿತಗೊಳಿಸುತ್ತದೆ. ರೀಡರಿನಲ್ಲಿ ಈ ತಿದ್ದುಪಡಿ ಮೈನಸ್ 9 ಶೇಕಡಾ ಎಂದು ಕಾಣುತ್ತಿತ್ತು. ಆದರೆ ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಇಸಿಯು ಆ ಸೆನ್ಸರಿನ ಮಾತನ್ನು ಕೇಳುವುದಿಲ್ಲವಾದ್ದರಿಂದ ಹೆಚ್ಚುವರಿ ಪೆಟ್ರೋಲ್ ಹಾಗೆಯೇ ಒಳಗೆ ಹೋಗುತ್ತದೆ. ಪ್ಲಗ್ ಬಿಚ್ಚಿದಾಗ ಅದರ ತುದಿಯಲ್ಲಿ ಒಲೆಯ ಮಸಿಯಂತೆ ಕಪ್ಪು ಪುಡಿ ಕುಳಿತಿತ್ತು.

ರೆಸಿಸ್ಟರ್ ತೆಗೆದು, ವೈರುಗಳನ್ನು ಬೆಸೆದು, ಒಂದು ವಾರ ಓಡಿಸಿದ ಮೇಲೆ ತಿದ್ದುಪಡಿಯ ಅಂಕಿ ಪ್ಲಸ್ 4ಕ್ಕೆ ಬಂದು ನಿಂತಿತು. ಅಂದರೆ ಈಗ ಪೆಟ್ರೋಲ್ ತುಸು ಸಾಲುತ್ತಿಲ್ಲ ಎಂದಾಯಿತು. ಇದಕ್ಕೆ ಕಾರಣ ಬಂಕಿನಲ್ಲಿತ್ತು. ಇದು ಬಿಎಸ್-4 ಎಂಬ ಹಳೆಯ ಹೊಗೆ ಮಾನದಂಡದ ಕಾಲದ ಬೈಕು, ಹೆಚ್ಚು ಎಥನಾಲ್‌ಗೆಂದು ಹೊಂದಿಸಿದ್ದಲ್ಲ. ಈಗ ಹಾಕಿಸುತ್ತಿರುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ ಸುಮಾರು 13.5 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನವನ್ನು ಹೆಚ್ಚು ಕೊಡಬೇಕಾಗುತ್ತದೆ. ಮ್ಯಾಪ್, ಅಂದರೆ ಯಾವಾಗ ಎಷ್ಟು ಇಂಧನ ಕೊಡಬೇಕೆಂಬ ಕೋಷ್ಟಕವನ್ನು ತಿದ್ದಲು ನನಗೆ ನಿಜವಾದ ಕಾರಣ ಸಿಕ್ಕಿದ್ದು ಇಲ್ಲಿಯೇ.

ತಿದ್ದುವ ಮೊದಲು ಬೈಕಿನ ಆರೋಗ್ಯ ನೋಡಿದೆ. ವಾಲ್ವ್ ಕ್ಲಿಯರೆನ್ಸ್, ಫಿಲ್ಟರ್, ಪ್ಲಗ್, ಎಲ್ಲವೂ ಒಂದೇ ದಿನದಲ್ಲಿ ಮುಗಿದವು. ಗಾಳಿಯ ಒತ್ತಡದ ಸೆನ್ಸರನ್ನು ಪರೀಕ್ಷಿಸಲು ಖರ್ಚಿಲ್ಲದ ಒಂದು ವಿಧಾನವಿದೆ: ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಓದಿದರೆ ಅದು ಊರಿನ ವಾಯುಭಾರವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ 101 ಕಿಲೋಪಾಸ್ಕಲ್ ಇರುವುದು, ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ 94ರ ಆಸುಪಾಸಿನಲ್ಲಿರುತ್ತದೆ. ನನ್ನ ಬೈಕು 94 ತೋರಿಸಿತು; ಚಿತ್ರದುರ್ಗಕ್ಕೆ ಹೋಗಿ ನೋಡಿದಾಗ 93. ಅಷ್ಟು ಸಾಕಾಗಿತ್ತು. ಹಿಂದಿನವರು ಹಾಕಿಸಿದ್ದ ಅಬ್ಬರದ ಸೈಲೆನ್ಸರನ್ನು ತೆಗೆದು, ಹೊಗೆಯ ವಿಷವನ್ನು ಕುಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಂಪನಿಯ ಸೈಲೆನ್ಸರನ್ನೇ ಹುಡುಕಿ ಕೂರಿಸಿದೆ.

ಇಸಿಯು ಒಳಗಿನ ಮೂಲ ಪ್ರೋಗ್ರಾಮನ್ನು ನಾನು ಮುಟ್ಟಲಿಲ್ಲ. ಬರೆಯುವಾಗ ನಡುವೆ ಬ್ಯಾಟರಿ ಕೈಕೊಟ್ಟರೆ ಇಸಿಯು ಕಳೆದುಕೊಳ್ಳುವ ಭಯವಿದೆ. ಬದಲಿಗೆ ಬೆಂಗಳೂರಿನಲ್ಲಿಯೇ ತಯಾರಾಗುವ ಪವರ್‌ಟ್ರಾನಿಕ್ ಎಂಬ ಪಿಗ್ಗಿಬ್ಯಾಕ್ ಪೆಟ್ಟಿಗೆಯನ್ನು ಅಳವಡಿಸಿದೆ. ಅದು ಇಸಿಯು ಮತ್ತು ಎಂಜಿನ್ನಿನ ನಡುವೆ ಕುಳಿತು, ಇಂಜೆಕ್ಟರಿಗೂ ಇಗ್ನಿಷನ್ನಿಗೂ ಹೋಗುವ ಸಂಕೇತಗಳನ್ನು ನಾವು ಬರೆದ ಕೋಷ್ಟಕದಂತೆ ತಿದ್ದಿ ಕಳಿಸುತ್ತದೆ. ಕಪ್ಲರ್‌ಗಳನ್ನು ಬಿಡಿಸಿದರೆ ಬೈಕು ಮೊದಲಿನಂತೆಯೇ ಇರುತ್ತದೆ. ಕೋಷ್ಟಕದ ಒಂದು ಬದಿಯಲ್ಲಿ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು, ಇನ್ನೊಂದು ಬದಿಯಲ್ಲಿ ಥ್ರಾಟಲ್ ತೆರೆದ ಪ್ರಮಾಣ, ಪ್ರತಿ ಮನೆಯಲ್ಲೂ ಶೇಕಡಾ ಎಷ್ಟು ಇಂಧನ ಕೂಡಿಸಬೇಕು ಅಥವಾ ಕಳೆಯಬೇಕು ಎಂಬ ಅಂಕಿ. ಈ ಮಾದರಿಯಲ್ಲಿ ಆಕ್ಸಿಲರೇಟರ್ ಕೇಬಲ್ ಇಲ್ಲದಿರುವುದರಿಂದ, ಕೈಯಲ್ಲಿ ತಿರುವಿದಷ್ಟೇ ಒಳಗಿನ ಬಟರ್‌ಫ್ಲೈ (ಗಾಳಿ ಬಿಡುವ ಥ್ರಾಟಲ್‌ನ ಬಾಗಿಲು) ತೆರೆಯುತ್ತದೆ ಎಂದು ತಿಳಿಯಬಾರದು. ಎಷ್ಟು ತೆರೆಯಬೇಕೆಂದು ಇಸಿಯು ನಿರ್ಧರಿಸುತ್ತದೆ. ಇದನ್ನು ತಿಳಿಯದೆ ನಾನು ಮೊದಲ ಎರಡು ದಿನ ತಪ್ಪು ಮನೆಗಳನ್ನು ತಿದ್ದುತ್ತಾ ಕುಳಿತಿದ್ದೆ.

ಅಳತೆಯಿಲ್ಲದೆ ಈ ಮನೆಗಳನ್ನು ತುಂಬಲಾಗದು. ಅದಕ್ಕಾಗಿ ಗಾಳಿ-ಇಂಧನದ ಅನುಪಾತವನ್ನು ನಿಖರವಾಗಿ ಅಳೆಯುವ ಒಂದು ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್ ತಂದು, ಪೈಪಿಗೆ ಅದರ ಬೋಲ್ಟು ಕೂರುವ ಬಳೆಯನ್ನು ವೆಲ್ಡ್ ಮಾಡಿಸಿದೆ. ಸೆನ್ಸರಿನ ತುದಿ ಕೆಳಮುಖವಾಗಿ ಓರೆಯಾಗಿರುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ ಪೈಪಿನ ನೀರು ನಿಂತು ಸೆನ್ಸರ್ ಸಿಡಿಯುತ್ತದೆ. ಅಳತೆಯನ್ನು ಪೆಟ್ರೋಲಿನ ಅನುಪಾತದಲ್ಲಿ ಓದದೆ ಲ್ಯಾಂಬ್ಡಾದಲ್ಲಿ ಓದಿದೆ, ಏಕೆಂದರೆ ಎಥನಾಲ್ ಎಷ್ಟೇ ಇರಲಿ, ಲ್ಯಾಂಬ್ಡಾ 1 ಎಂದರೆ ಇಂಧನ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದೆ ಎಂದೇ ಅರ್ಥ; ಅದಕ್ಕಿಂತ ಕಡಿಮೆಯಾದರೆ ಇಂಧನ ಹೆಚ್ಚಿದೆ ಎಂದು.

ಕಡಿಮೆ ಮತ್ತು ಮಧ್ಯಮ ಥ್ರಾಟಲ್‌ನ ಅಳತೆಗಳನ್ನು ಆನಗೋಡಿನಿಂದ ಭರಮಸಾಗರದವರೆಗಿನ ಹೆದ್ದಾರಿಯಲ್ಲಿ, ನಸುಕಿನಲ್ಲಿ, ಲ್ಯಾಪ್‌ಟಾಪನ್ನು ಬೆನ್ನಿನ ಚೀಲದಲ್ಲಿ ಹೊತ್ತು ದಾಖಲಿಸಿದೆ. ಮನೆಗೆ ಬಂದು ಕೋಷ್ಟಕ ತಿದ್ದಿ, ಮರುದಿನ ಮತ್ತೆ ಅದೇ ದಾರಿ. ಪೂರ್ಣ ಥ್ರಾಟಲ್‌ನ ಪರೀಕ್ಷೆ ರಸ್ತೆಯಲ್ಲಿ ಮಾಡುವ ಕೆಲಸವಲ್ಲ. ಅದಕ್ಕೆ ಬೆಂಗಳೂರಿನ ಡೈನೊ (ನಿಂತಲ್ಲೇ ಚಕ್ರ ಓಡಿಸಿ ಶಕ್ತಿ ಅಳೆಯುವ ಯಂತ್ರ) ಒಂದರಲ್ಲಿ ಅರ್ಧ ದಿನ ಗೊತ್ತುಮಾಡಿದೆ. ಅಲ್ಲಿ 7,000 ಸುತ್ತಿನಲ್ಲಿ ಲ್ಯಾಂಬ್ಡಾ 0.93 ಬಂತು. ನನಗೆ ಬೇಕಾದದ್ದು 0.88. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.057, ಅಂದರೆ ಆ ಮನೆಗೆ ಪ್ಲಸ್ 6. ಎಲ್ಲ ಮನೆಗಳಿಗೂ ಲೆಕ್ಕ ಇದೇ. ಆಮ್ಲಜನಕ ಸೆನ್ಸರ್ ಕಾವಲಿರುವ ಸಣ್ಣ ಥ್ರಾಟಲ್‌ನ ಮನೆಗಳನ್ನು ಮಾತ್ರ ಸೊನ್ನೆಯಲ್ಲೇ ಬಿಟ್ಟೆ, ಏಕೆಂದರೆ ಅಲ್ಲಿ ನಾವು ಕೂಡಿಸಿದ್ದನ್ನು ಇಸಿಯು ಕಳೆಯುತ್ತಲೇ ಇರುತ್ತದೆ, ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೂ ಆ ಸಮತೋಲನ ಬೇಕು.

ಇಗ್ನಿಷನ್ ವಿಷಯದಲ್ಲಿ ನಾನು ಕೈ ಬಿಗಿ ಹಿಡಿದೆ. 3,500ರಿಂದ 5,500 ಸುತ್ತಿನವರೆಗೆ, ಅರ್ಧ ಥ್ರಾಟಲ್‌ನಲ್ಲಿ ಮಾತ್ರ ಕಿಡಿ 2 ಡಿಗ್ರಿ ಮೊದಲೇ ಹಾರುವಂತೆ ಮಾಡಿದೆ. ಜೊತೆಗೆ ಬಂದಿದ್ದ ಸೋದರಳಿಯ, “ಇನ್ನೊಂದ್ ನಾಲ್ಕ್ ಡಿಗ್ರಿ ಕೊಟ್ ನೋಡಾಣ ಮಾವ, ಡೈನೊ ಮೇಲೇ ಐತಲ್ಲ” ಎಂದು ಹಟ ಹಿಡಿದ. ಸಂಪೀಡನ ಅನುಪಾತ (ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಒತ್ತಲಾಗುತ್ತದೆ ಎಂಬುದು) 12ನ್ನು ದಾಟಿರುವ ಎಂಜಿನ್ ಇದು. ಡೈನೊದ ಮುಂದೆ ದೊಡ್ಡ ಫ್ಯಾನ್ ಇದೆ, ನಮ್ಮೂರಿನ ಮೇ ತಿಂಗಳ ಸಿಗ್ನಲ್ಲಿನಲ್ಲಿ ಆ ಫ್ಯಾನ್ ಇರುವುದಿಲ್ಲ. ಹೆಲ್ಮೆಟ್ಟಿನೊಳಗಿನ ಕಿವಿಗೆ ನಾಕಿಂಗ್ (ಇಂಧನ ಅಂಕೆ ಮೀರಿ ಸಿಡಿಯುವ ಸದ್ದು) ಕೇಳುವ ಹೊತ್ತಿಗೆ ಪಿಸ್ಟನ್ನಿಗೆ ಏಟು ಬಿದ್ದಾಗಿರುತ್ತದೆ. ನಾನು ಒಪ್ಪಲಿಲ್ಲ.

ಚಕ್ರದಲ್ಲಿ ಅಳೆದ ಗರಿಷ್ಠ ಶಕ್ತಿ 36.8 ಅಶ್ವಶಕ್ತಿಯಿಂದ 38.1ಕ್ಕೆ ಏರಿತು. ರಸ್ತೆಯಲ್ಲಿ ಯಾರಿಗೂ ತಿಳಿಯದಷ್ಟು ಚಿಕ್ಕ ಏರಿಕೆ ಇದು. ತಿಳಿಯುವುದು 4,000 ಸುತ್ತಿನ ಬಳಿ: ಮೊದಲು ಅಲ್ಲಿ ಆಕ್ಸಿಲರೇಟರ್ ಕೊಟ್ಟರೆ ಒಂದು ಕ್ಷಣ ತಡವರಿಸಿ, ಆಮೇಲೆ ಜಗ್ಗಿ ಹಾರುತ್ತಿದ್ದ ಬೈಕು, ಈಗ ಕೈ ತಿರುವಿದಂತೆ ಮುಂದೆ ಸಾಗುತ್ತದೆ. ಲೀಟರಿಗೆ 21 ಕಿಲೋಮೀಟರ್ ಕೊಡುತ್ತಿದ್ದದ್ದು 26 ಕೊಡುತ್ತಿದೆ, ಇದರಲ್ಲಿ ಹೆಚ್ಚಿನ ಪಾಲು ಆ ರೆಸಿಸ್ಟರ್ ತೆಗೆದದ್ದರಿಂದ ಬಂದದ್ದು. ಹೊಗೆ ತಪಾಸಣೆಯಲ್ಲೂ ತೊಂದರೆಯಿಲ್ಲದೆ ಪಾಸಾಯಿತು.

ಒಂದು ಕೆಲಸ ಉಳಿದಿದೆ. ಮಳೆಗಾಲದ ಬೆಳಗ್ಗೆ ಮೊದಲ ಸ್ಟಾರ್ಟಿಗೆ ಎರಡು ಮೂರು ಬಾರಿ ಸೆಲ್ಫ್ ಒತ್ತಬೇಕಾಗುತ್ತಿದೆ. ಎಥನಾಲ್ ತಣ್ಣಗಿರುವಾಗ ಬೇಗ ಆವಿಯಾಗುವುದಿಲ್ಲ, ಆಗಿನ ಇಂಧನದ ಲೆಕ್ಕ ಇರುವುದು ಮೂಲ ಇಸಿಯುವಿನೊಳಗೆ. ಸದ್ಯಕ್ಕೆ ಕೀ ಆನ್ ಮಾಡಿ, ಪಂಪಿನ ಸದ್ದು ನಿಲ್ಲುವವರೆಗೆ ಕಾದು, ಇನ್ನೊಮ್ಮೆ ಆಫ್-ಆನ್ ಮಾಡಿ ಸ್ಟಾರ್ಟ್ ಮಾಡುತ್ತಿದ್ದೇನೆ.